ಕೊಳಚೆ ನೀರಿನಿಂದ ತೆಗೆದದ್ದು ಹೋಗುವುದೆಲ್ಲಿಗೆ?

ಕಾರ್ಬಮಜೆಪಿನ್ ಅಂತ ಒಂದು ಮಾತ್ರೆ ಇದೆ. ಮೂರ್ಛೆರೋಗಕ್ಕೆ ಕೊಡುತ್ತಾರೆ, 1960ರ ದಶಕದಿಂದಲೂ ಬಳಕೆಯಲ್ಲಿದೆ. ಲಕ್ಷಾಂತರ ಜನ ದಿನಾ ನುಂಗುತ್ತಾರೆ, ಅದರಿಂದಲೇ ಅವರ ದಿನ ಸಲೀಸಾಗಿ ಸಾಗುತ್ತದೆ. ಆದರೆ ಕೊಳಚೆ ನೀರನ್ನು ಪರೀಕ್ಷೆ ಮಾಡುವವರಿಗೆ ಈ ಮಾತ್ರೆ ಗೊತ್ತಿರುವುದು ಬೇರೆಯೇ ಕಾರಣಕ್ಕೆ. ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಒಳಗೆ ಬರುವಾಗ ಇದು ಎಷ್ಟಿತ್ತೋ, ಎಲ್ಲಾ ಟ್ಯಾಂಕುಗಳನ್ನೂ ಸುತ್ತಿ ಹೊರಗೆ ಹೋಗುವಾಗಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸಾಮಾನ್ಯವಾಗಿ ನೂರರಲ್ಲಿ ಹತ್ತು ಪಾಲು ಕೂಡ ಕಮ್ಮಿಯಾಗುವುದಿಲ್ಲ. ವಿಚಿತ್ರ ಅಂದ್ರೆ, ಕೆಲವು ಸಲ ಒಳಗೆ ಬಂದದ್ದಕ್ಕಿಂತ ಹೊರಗೆ ಹೋಗುವುದೇ ಜಾಸ್ತಿ!

ಇದರಲ್ಲಿ ಮಾಯಮಂತ್ರ ಏನಿಲ್ಲ. ನಾವು ನುಂಗಿದ ಔಷಧವನ್ನು ಹೊರಗೆ ಹಾಕುವ ಮೊದಲು ಯಕೃತ್ತು ಅದಕ್ಕೆ ಸಕ್ಕರೆಯಂಥ ಒಂದು ಕಣವನ್ನು ಅಂಟಿಸುತ್ತದೆ. ಹಾಗೆ ಮಾಡಿದರೆ ಅದು ನೀರಿನಲ್ಲಿ ಕರಗಿ ಮೂತ್ರದ ಜೊತೆ ಸುಲಭವಾಗಿ ಹೊರಟುಹೋಗುತ್ತದೆ. ಶುದ್ಧೀಕರಣ ಘಟಕದ ಬಾಗಿಲಲ್ಲಿ ನೀರನ್ನು ಪರೀಕ್ಷಿಸಿದಾಗ, ಅಂಟು ಹಾಕಿಕೊಂಡು ಬಂದ ಈ ಪಾಲು ಕಾರ್ಬಮಜೆಪಿನ್ ಲೆಕ್ಕಕ್ಕೆ ಸಿಗುವುದೇ ಇಲ್ಲ. ಒಳಗಿರುವ ಬ್ಯಾಕ್ಟೀರಿಯಾಗಳು ಆ ಸಕ್ಕರೆ ತುಂಡನ್ನು ಕಿತ್ತು ತಿನ್ನುತ್ತವೆ, ಉಳಿದದ್ದನ್ನು ಮುಟ್ಟುವುದಿಲ್ಲ. ಮೂಲ ಔಷಧ ಮತ್ತೆ ತನ್ನ ರೂಪಕ್ಕೆ ಬರುತ್ತದೆ. ಹೊರಬಾಗಿಲಲ್ಲಿ ಅಳೆದರೆ ಲೆಕ್ಕ ಏರಿರುತ್ತದೆ, ಅಷ್ಟೇ.

ಈ ಒಂದು ಮಾತ್ರೆಯ ಕಥೆಯಲ್ಲಿ ಇಡೀ ಸಮಸ್ಯೆ ಅಡಗಿದೆ. ‘ಶುದ್ಧೀಕರಿಸಿದ ನೀರು’ ಅನ್ನುವಾಗ ನಾವು ಯಾವುದನ್ನು ಅಳೆದು ಹಾಗೆ ಹೇಳುತ್ತಿದ್ದೇವೆ? ಮತ್ತೆ, ‘ಇಷ್ಟು ಪರ್ಸೆಂಟ್ ತೆಗೆದಿದ್ದೇವೆ’ ಅಂತ ಘಟಕದವರು ಹೇಳಿದಾಗ, ಆ ತೆಗೆದದ್ದು ಎಲ್ಲಿಗೆ ಹೋಯಿತು ಅಂತ ಕೇಳುವವರು ಯಾರು? ನನಗೆ ಎರಡನೇ ಪ್ರಶ್ನೆಯೇ ಮುಖ್ಯ ಅನಿಸುತ್ತದೆ. ಅದನ್ನು ಹಿಡಿದು ಹೊರಟರೆ ನಗರದ ಪೈಪಿನಿಂದ ನೇರ ಹಳ್ಳಿಯ ಹೊಲಕ್ಕೆ ಬಂದು ನಿಲ್ಲುತ್ತೇವೆ.

ಮೊದಲು ಘಟಕದ ಬಗ್ಗೆ ನ್ಯಾಯವಾಗಿ ಒಂದು ಮಾತು. ಇವತ್ತು ಜಗತ್ತಿನ ಹೆಚ್ಚಿನ ಕಡೆ ಇರುವ ವ್ಯವಸ್ಥೆ 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಅನ್ನುವ ಇಬ್ಬರು ತೋರಿಸಿಕೊಟ್ಟ ವಿಧಾನದ ಮಕ್ಕಳು ಮೊಮ್ಮಕ್ಕಳು. ಕೊಳಚೆ ನೀರಿಗೆ ಗಾಳಿ ಊದಬೇಕು, ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಬೆಳೆಯಬೇಕು, ಅವು ಕೆಸರಾಗಿ ತಳಕ್ಕೆ ಕೂರಬೇಕು, ಆ ಕೆಸರಿನಲ್ಲಿ ಸ್ವಲ್ಪವನ್ನು ಹೊಸ ನೀರಿಗೆ ಮತ್ತೆ ಬೆರೆಸಬೇಕು. ಸರಳ, ಆದರೆ ಅದ್ಭುತ ಕೆಲಸ. ಮಲ, ಸೋಪು, ಅಡುಗೆಮನೆಯ ಜಿಡ್ಡು ಎಲ್ಲಾ ಬ್ಯಾಕ್ಟೀರಿಯಾಗೆ ಊಟ. ಈ ಘಟಕಗಳಿಂದ ನದಿಗಳು ಬದುಕಿದವು. ಕೊಳೆ ನೀರಿನಿಂದ ಬರುವ ರೋಗಗಳೂ ತಗ್ಗಿದವು. ಅವುಗಳ ಯೋಗ್ಯತೆ ಅಳೆಯುವ ಪರೀಕ್ಷೆಗಳೂ ಆ ಕೆಲಸಕ್ಕೆ ತಕ್ಕ ಹಾಗೇ ಇವೆ. ಬಿಒಡಿ, ಸಿಒಡಿ (ನೀರಿನಲ್ಲಿರುವ ಕೊಳೆ ಒಡೆಯಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗಳು), ತೇಲುವ ಕಣ, ಸಾರಜನಕ, ರಂಜಕ, ಮಲದ ಬ್ಯಾಕ್ಟೀರಿಯಾ ಎಷ್ಟು. ಯಾವುದೇ ಘಟಕದ ತಿಂಗಳ ವರದಿ ತೆಗೆದು ನೋಡಿ, ಹೆಚ್ಚುಕಮ್ಮಿ ಇಷ್ಟೇ ಇರುತ್ತದೆ. ಈ ಪಟ್ಟಿಯಲ್ಲಿ ಎಲ್ಲದಕ್ಕೂ ಫಸ್ಟ್ ಕ್ಲಾಸ್ ಅಂಕ ತೆಗೆದುಕೊಂಡ ನೀರಿನಲ್ಲಿ ನೋವಿನ ಮಾತ್ರೆ, ಹಾರ್ಮೋನು, ಆಂಟಿಬಯೋಟಿಕ್, ಪ್ಲಾಸ್ಟಿಕ್ ಚೂರು, ಕೀಟನಾಶಕ ಎಲ್ಲಾ ಇರಬಹುದು. ಅವುಗಳನ್ನು ಯಾರೂ ಹುಡುಕಿಲ್ಲ ಅಷ್ಟೇ.

ಹುಡುಕದೇ ಇರುವುದಕ್ಕೆ ಕಾರಣವೂ ಇತ್ತು. ಇವು ಇರುವುದು ತೀರಾ ಕಮ್ಮಿ ಪ್ರಮಾಣದಲ್ಲಿ, ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ. ನೂರು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ ಪುಡಿ ಬೆರೆಸಿದರೆ ಲೀಟರಿಗೆ ಒಂದು ನ್ಯಾನೋಗ್ರಾಂ ಆಗುತ್ತದೆ. ಇಷ್ಟು ಸಣ್ಣದನ್ನು ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಗಳು ಪ್ರಯೋಗಾಲಯಗಳಲ್ಲಿ ಮಾಮೂಲಿ ಆದದ್ದು ಕಳೆದ ಎರಡು ಮೂರು ದಶಕಗಳಲ್ಲಿ. ಹಾಗಾಗಿ ‘ಹೊಸ ಮಾಲಿನ್ಯಕಾರಕಗಳು’ ಅಂತ ಕರೆಸಿಕೊಳ್ಳುವ ಬಹಳಷ್ಟು ವಸ್ತುಗಳು ನೀರಿನಲ್ಲಿ ಮೊದಲಿನಿಂದಲೂ ಇದ್ದವು. 2020ರಲ್ಲಿ ಬೇರೆ ಬೇರೆ ದೇಶಗಳ ನೋಂದಣಿ ಪಟ್ಟಿಗಳನ್ನು ಒಟ್ಟು ಸೇರಿಸಿ ಎಣಿಸಿದಾಗ, ಮಾರುಕಟ್ಟೆಗೆ ಅಂತ ನೋಂದಣಿಯಾದ ರಾಸಾಯನಿಕಗಳು ಮತ್ತು ಮಿಶ್ರಣಗಳು ಮೂರೂವರೆ ಲಕ್ಷ ದಾಟಿದ್ದವು. ಅಷ್ಟನ್ನೂ ಒಂದೊಂದಾಗಿ ಅಳೆಯುವ ಮಾತೇ ಇಲ್ಲ.

ನೂರು ಕೋಟಿ ಲೀಟರಿಗೆ ಒಂದು ಗ್ರಾಂ ಅಂದ್ರೆ ಅದಕ್ಕೆಲ್ಲಾ ಹೆದರಬೇಕಾ ಅಂತ ಯಾರಾದರೂ ಕೇಳಿದರೆ ಅದು ದಡ್ಡ ಪ್ರಶ್ನೆ ಅಲ್ಲ. ಕುಡಿಯುವ ನೀರಿನಲ್ಲಿ ಸಿಗುವಷ್ಟು ಔಷಧದಿಂದ ಮನುಷ್ಯರಿಗೆ ಒಂದು ಮಾತ್ರೆಯಷ್ಟು ಡೋಸ್ ಸೇರಬೇಕಾದರೆ ಎಷ್ಟೋ ವರ್ಷ ಆ ನೀರು ಕುಡಿಯಬೇಕಾಗುತ್ತದೆ. ಆದರೆ ಮೀನಿನ ಲೆಕ್ಕ ಬೇರೆ, ಅದು ಹಗಲು ರಾತ್ರಿ ಆ ನೀರಿನಲ್ಲೇ ಇರುತ್ತದೆ, ಕಿವಿರಿನ ಮೂಲಕ ಅದನ್ನೇ ಉಸಿರಾಡುತ್ತದೆ.

ಕೆನಡಾದ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿಯೇ ನೋಡಿದರು. ಒಂಟಾರಿಯೋ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ಪ್ರಯೋಗಕ್ಕೆ ಅಂತಲೇ ಮೀಸಲಿಟ್ಟ ಕೆರೆಗಳಿವೆ. ಅದರಲ್ಲಿ 260ನೇ ನಂಬರಿನ ಕೆರೆಗೆ 2001ರಿಂದ ಮೂರು ಬೇಸಿಗೆ, ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೋಜನ್ ಹಾಕಿದರು. ಪ್ರಮಾಣ ಲೀಟರಿಗೆ 5-6 ನ್ಯಾನೋಗ್ರಾಂ ಮಾತ್ರ. ಗಂಡು ಮೀನುಗಳ ದೇಹದಲ್ಲಿ ಮೊಟ್ಟೆಯ ಪ್ರೊಟೀನ್ ತಯಾರಾಗತೊಡಗಿತು, ವೃಷಣದಲ್ಲಿ ಮೊಟ್ಟೆಯ ಕೋಶಗಳು ಕಾಣಿಸಿಕೊಂಡವು. ಕೆಲವೇ ವರ್ಷದಲ್ಲಿ ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಸಣ್ಣ ಮೀನಿನ ಸಂತತಿ ಆ ಕೆರೆಯಲ್ಲಿ ಮುಗಿದೇಹೋಗುವ ಹಂತಕ್ಕೆ ಬಂತು. 2007ರಲ್ಲಿ ಇದರ ವರದಿ ಬಂದಾಗ, ‘ಇಷ್ಟು ಕಮ್ಮಿಯಿದ್ದರೆ ಏನಾಗಲ್ಲ ಬಿಡಿ’ ಅನ್ನುವ ವಾದಕ್ಕೆ ದೊಡ್ಡ ಪೆಟ್ಟು ಬಿತ್ತು. ಹಾರ್ಮೋನು ಹಾಕುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಮೀನುಗಳು ಚೇತರಿಸಿಕೊಂಡವು. ಅದನ್ನೂ ಹೇಳಲೇಬೇಕು, ಯಾಕಂದ್ರೆ ಮೂಲದಲ್ಲಿ ನಿಲ್ಲಿಸಿದರೆ ಫಲ ಇದೆ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಸಿಗುವುದು ಕಷ್ಟ.

ಸಾಯುವುದೊಂದೇ ಹಾನಿ ಅಲ್ಲ. ಸ್ವೀಡನ್ನಿನಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆತಂಕ ಕಮ್ಮಿ ಮಾಡುವ ಆಕ್ಸಜೆಪಾಮ್ ಔಷಧ ಸ್ವಲ್ಪ ಬೆರೆತ ನೀರಿನಲ್ಲಿದ್ದ ಪರ್ಚ್ ಮೀನುಗಳು ಧೈರ್ಯಸ್ಥರಾಗಿಬಿಟ್ಟವು. ಗುಂಪು ಬಿಟ್ಟು ಒಂಟಿಯಾಗಿ ಓಡಾಡಿದವು, ಬೇಗ ಬೇಗ ತಿಂದವು. ಕೇಳುವುದಕ್ಕೆ ತಮಾಷೆ ಅನಿಸಬಹುದು, ಆದರೆ ಗುಂಪು ಬಿಟ್ಟು ಓಡಾಡುವ ಸಣ್ಣ ಮೀನು ದೊಡ್ಡ ಮೀನಿನ ಬಾಯಿಗೆ ಬೀಳುವುದು ಸುಲಭ ಅಲ್ವಾ?

ಇನ್ನೊಂದು ಉದಾಹರಣೆ ಔಷಧದ್ದಲ್ಲ, ಟೈರಿನದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೊಟ್ಟೆಯಿಡಲು ಹೊಳೆಗೆ ಮರಳಿ ಬರುವ ಕೋಹೋ ಸಾಲ್ಮನ್ ಮೀನುಗಳು ಮಳೆ ಬಂದ ಮೇಲೆ ಸಾಲುಸಾಲಾಗಿ ಸಾಯುತ್ತಿದ್ದವು. ಕಾರಣ ಹುಡುಕುವುದಕ್ಕೆ ವರ್ಷಗಳೇ ಹಿಡಿದವು. ಕೊನೆಗೆ 2020ರ ಡಿಸೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಗಾಳಿಯಲ್ಲಿರುವ ಓಝೋನಿನಿಂದ ಟೈರ್ ಬಿರಿಯಬಾರದು ಅಂತ ರಬ್ಬರಿಗೆ 6ಪಿಪಿಡಿ ಅನ್ನುವ ವಸ್ತು ಬೆರೆಸುತ್ತಾರೆ. ಅದು ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ರಸ್ತೆಯ ಮೇಲೆ ಸವೆದು ಬಿದ್ದ ಟೈರ್ ಪುಡಿಯಿಂದ ಅದು ಮಳೆನೀರಿಗೆ ಇಳಿಯುತ್ತದೆ. ಲೀಟರಿಗೆ ನೂರು ನ್ಯಾನೋಗ್ರಾಂಗಿಂತ ಕಮ್ಮಿ ಇದ್ದರೂ ಕೋಹೋ ಮೀನು ಸಾಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಗಮನಿಸಿ, ಯಾವ ಕಾರ್ಖಾನೆಯೂ 6ಪಿಪಿಡಿ-ಕ್ವಿನೋನ್ ತಯಾರಿಸಿ ಮಾರುವುದಿಲ್ಲ, ಅದು ಯಾವ ಡಬ್ಬಿಯ ಮೇಲಿನ ಪಟ್ಟಿಯಲ್ಲೂ ಇರಲಿಲ್ಲ. ತಾನಾಗಿಯೇ ಹುಟ್ಟಿಕೊಂಡ ವಿಷ ಅದು.

ಹೀಗೆ ಒಂದು ಇನ್ನೊಂದಾಗುವುದು ಶುದ್ಧೀಕರಣ ಘಟಕದ ಒಳಗೂ ನಡೆಯುತ್ತದೆ. ‘ತೆಗೆದಿದ್ದೇವೆ’ ಅನ್ನುವ ಮಾತು ಮೋಸ ಮಾಡುವುದು ಇಲ್ಲಿಯೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ನೋಡಿ. ದೇಹದಲ್ಲಿ ಅದು ಬದಲಾಗುವುದೇ ಇಲ್ಲ, ನುಂಗಿದ್ದು ಹಾಗೇ ಹೊರಗೆ ಬರುತ್ತದೆ. ಘಟಕದಲ್ಲಿ ಅದರ ಬಹುಪಾಲು ‘ಮಾಯ’ ಆಗುತ್ತದೆ, ಕಾಗದದ ಮೇಲೆ ಒಳ್ಳೆ ಅಂಕ. ನಿಜಕ್ಕೂ ಆದದ್ದೇನು? ಅದು ಗ್ವಾನಿಲ್‌ಯೂರಿಯಾ ಅನ್ನುವ ಇನ್ನೊಂದು ವಸ್ತುವಾಗಿ, ಹೊರಗೆ ಹೋಗುವ ನೀರಿನಲ್ಲಿ ಆರಾಮಾಗಿ ಕೂತಿರುತ್ತದೆ. ಮೆಟ್‌ಫಾರ್ಮಿನ್ ಮಾತ್ರ ಅಳೆದವರಿಗೆ ಅದು ಕಾಣುವುದಿಲ್ಲ. ಬಟ್ಟೆ ಒಗೆಯುವ, ಉಣ್ಣೆ ತೊಳೆಯುವ ಕೆಲಸಕ್ಕೆ ಬಳಸುತ್ತಿದ್ದ ನೋನೈಲ್‌ಫಿನಾಲ್ ಎಥಾಕ್ಸಿಲೇಟ್ ಮಾರ್ಜಕಗಳದ್ದು ಇನ್ನೂ ಕೆಟ್ಟ ಕಥೆ. ಬ್ಯಾಕ್ಟೀರಿಯಾಗಳು ಅದರ ಬಾಲವನ್ನು ಕಚ್ಚಿ ಕಚ್ಚಿ ತಿಂದು ಕೊನೆಗೆ ಉಳಿಸುವುದು ಮೂಲಕ್ಕಿಂತ ಹೆಚ್ಚು ವಿಷಕಾರಿಯಾದ, ಹಾರ್ಮೋನಿನ ಹಾಗೆ ವರ್ತಿಸುವ ನೋನೈಲ್‌ಫಿನಾಲ್ ಅನ್ನು. ಯುರೋಪ್ ಒಕ್ಕೂಟ 2003ರ ಕಾನೂನಿನಲ್ಲಿ ಇದರ ಬಳಕೆಗೆ ಕಡಿವಾಣ ಹಾಕಿತು.

ಪಿಎಫ್‌ಎಎಸ್ ಬಂದರೆ ಇದೇ ಆಟ ಇನ್ನೊಂದು ಮಟ್ಟಕ್ಕೆ ಹೋಗುತ್ತದೆ. ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆ, ಎಣ್ಣೆ ಹೀರದ ಕಾಗದ, ಬೆಂಕಿ ಆರಿಸುವ ನೊರೆ, ಹೀಗೆ ಎಲ್ಲೆಂದರಲ್ಲಿ ಇರುವ ಸಾವಿರಾರು ರಾಸಾಯನಿಕಗಳ ಕುಟುಂಬ ಅದು. ಅವುಗಳಲ್ಲಿ ಇಂಗಾಲಕ್ಕೂ ಫ್ಲೋರಿನ್‌ಗೂ ಇರುವ ಬಂಧ ಎಷ್ಟು ಗಟ್ಟಿ ಅಂದ್ರೆ ಬ್ಯಾಕ್ಟೀರಿಯಾ ಬಿಡಿ, ಬಿಸಿಲು, ಓಝೋನ್ ಕೂಡ ಅದನ್ನು ಅಲ್ಲಾಡಿಸಲಾರವು. ಘಟಕದೊಳಗೆ ಈ ಕುಟುಂಬದ ದೊಡ್ಡ ಸದಸ್ಯರು, ಆ ಬಂಧ ಇಲ್ಲದ ಕಡೆಯಲ್ಲಿ ಒಡೆದು, ಪಿಎಫ್‌ಒಎ ಥರದ ಸಣ್ಣ, ಇನ್ನು ಮುಂದೆ ಒಡೆಯದ ಸದಸ್ಯರಾಗುತ್ತಾರೆ. ಹೀಗಾಗಿ ಹೊರಹೋಗುವ ನೀರಿನಲ್ಲಿ ಪಿಎಫ್‌ಒಎ ಒಳಬಂದ ನೀರಿಗಿಂತ ಹೆಚ್ಚಾಗಿ ಕಾಣುವುದು ಮಾಮೂಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಕುಡಿಯುವ ನೀರಿಗೆ ಪಿಎಫ್‌ಒಎ, ಅದೇ ಕುಟುಂಬದ ಪಿಎಫ್‌ಒಎಸ್ ಎರಡಕ್ಕೂ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಇಟ್ಟಿತು. ಮಿತಿ ಎಷ್ಟು ಬಿಗಿ ಅನ್ನುವುದಕ್ಕೆ ಮೇಲೆ ಹೇಳಿದ ನೂರು ಕೋಟಿ ಲೀಟರಿನ ಲೆಕ್ಕ ನೆನಪಿಸಿಕೊಳ್ಳಿ.

ಈಗ ಕೆಸರಿಗೆ ಬರೋಣ. ನೀರಿನಿಂದ ನಿಜವಾಗಿಯೂ ಹೊರಬಿದ್ದ ಬಹಳಷ್ಟು ವಸ್ತುಗಳ ವಿಳಾಸ ಇದೇ. ಅಕ್ರಿಲಿಕ್ ಬಟ್ಟೆಯನ್ನು 6 ಕಿಲೋದಷ್ಟು ಮೆಷಿನ್ನಿಗೆ ಹಾಕಿ ಒಂದು ಸಲ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ನಾರುಗಳು ಉದುರಬಹುದು ಅಂತ ಬ್ರಿಟನ್ನಿನ ಸಂಶೋಧಕರು 2016ರಲ್ಲಿ ಅಂದಾಜಿಸಿದ್ದರು. ಒಳ್ಳೆಯ ಶುದ್ಧೀಕರಣ ಘಟಕ ಇಂಥ ಚೂರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹಿಡಿಯುತ್ತದೆ. ಭೇಷ್! ಆದರೆ ಹಿಡಿದಿಟ್ಟದ್ದು ಕೆಸರಿನಲ್ಲಿ ತಾನೇ? ಬ್ಯಾಕ್ಟೀರಿಯಾ ಕೊಲ್ಲಲು ಸೋಪಿನಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಕೂಡ ನೀರು ಬಿಟ್ಟು ಕೆಸರಿಗೆ ಅಂಟುವ ಜಾತಿಯದು. ಕೆಲವು ಆಂಟಿಬಯೋಟಿಕ್‌ಗಳು, ಪಿಎಫ್‌ಎಎಸ್‌ನ ಉದ್ದ ಸರಪಳಿಯ ಸದಸ್ಯರು, ಭಾರ ಲೋಹಗಳು, ಎಲ್ಲಾ ಅಲ್ಲೇ ಸೇರುತ್ತವೆ.

ಕೆಸರಿನಲ್ಲಿ ಸಾರಜನಕ, ರಂಜಕ ಚೆನ್ನಾಗಿರುತ್ತದೆ. ಒಳ್ಳೆ ಗೊಬ್ಬರ. ಹಾಗಾಗಿ ಎಷ್ಟೋ ದೇಶಗಳಲ್ಲಿ ಅದನ್ನು ಒಣಗಿಸಿ, ಹದ ಮಾಡಿ ಹೊಲಕ್ಕೆ ಹಾಕುತ್ತಾರೆ, ದಶಕಗಳಿಂದ ಹಾಕಿದ್ದಾರೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಹೀಗೆ ಹಾಕಿದ ಹೊಲಗಳಲ್ಲಿ ಪಿಎಫ್‌ಎಎಸ್ ಸಿಕ್ಕಿತು. ಮೇವಿನಲ್ಲಿ, ಹಾಲಿನಲ್ಲಿ, ಬಾವಿ ನೀರಿನಲ್ಲಿ, ರೈತರ ರಕ್ತದಲ್ಲೂ ಸಿಕ್ಕಿತು. ಕೆಲವರು ಬೇಸಾಯವನ್ನೇ ಬಿಡಬೇಕಾಯಿತು. 2022ರಲ್ಲಿ ಆ ರಾಜ್ಯ ಕೆಸರನ್ನು ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿತು. ಆ ರೈತರು ಯಾವ ತಪ್ಪೂ ಮಾಡಿರಲಿಲ್ಲ, ಸರ್ಕಾರ ಒಪ್ಪಿದ ಗೊಬ್ಬರ ಹಾಕಿದ್ದರು. ನಗರದವರು ಫ್ಲಶ್ ಮಾಡಿ ಮರೆತದ್ದು ಹಳ್ಳಿಯವರ ಬಾವಿಗೆ ಬಂದು ಕೂತಿತ್ತು. ನದಿಯ ನೀರು ತಿಳಿಯಾಗಿದೆ ಅಂತ ನಗರದಲ್ಲಿ ಖುಷಿಪಡುವಾಗ ಈ ಲೆಕ್ಕವನ್ನೂ ಬರೆದುಕೊಳ್ಳಬೇಕು ಅನ್ನುವುದು ನನ್ನ ತಕರಾರು.

ನೀರೂ ಅದೇ ದಾರಿ ಹಿಡಿಯುತ್ತದೆ. ಮಳೆ ಕಮ್ಮಿ ಇರುವ ಕಡೆಗಳಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಬೇಸಾಯಕ್ಕೆ ಹೋಗುತ್ತದೆ, ಹೋಗಲೇಬೇಕು, ಬೇರೆ ನೀರಿಲ್ಲ. ಇಸ್ರೇಲಿನಲ್ಲಿ 2016ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಲ್ಲಿ ಕೆಲವು ಸ್ವಯಂಸೇವಕರಿಗೆ ಇಂಥ ನೀರಿನಲ್ಲಿ ಬೆಳೆದ ತರಕಾರಿ, ಹಣ್ಣು ಕೊಟ್ಟರು, ಇನ್ನು ಕೆಲವರಿಗೆ ಸಿಹಿನೀರಿನಲ್ಲಿ ಬೆಳೆದದ್ದು. ಒಂದು ವಾರದಲ್ಲಿ ಮೊದಲ ಗುಂಪಿನವರ ಮೂತ್ರದಲ್ಲಿ ಕಾರ್ಬಮಜೆಪಿನ್ ಏರಿತು. ಆ ಔಷಧ ಅವರ್ಯಾರೂ ನುಂಗಿದವರಲ್ಲ. ಗಿಡ ನೀರಿನ ಜೊತೆ ಅದನ್ನು ಹೀರುತ್ತದೆ, ಎಲೆಯಿಂದ ನೀರು ಆವಿಯಾಗುತ್ತದೆ, ಔಷಧ ಎಲೆಯಲ್ಲೇ ಉಳಿಯುತ್ತದೆ. ಅದಕ್ಕೇ ಸೊಪ್ಪುಗಳಲ್ಲಿ ಇದು ಜಾಸ್ತಿ ಸಿಗುವುದು. ಸುಮ್ನೆ ಗಾಬರಿ ಬೀಳಬೇಡಿ, ಆ ಪ್ರಮಾಣ ಔಷಧ ತೆಗೆದುಕೊಳ್ಳುವ ರೋಗಿಗಳಲ್ಲಿ ಕಾಣುವುದಕ್ಕಿಂತ ಸಾವಿರಾರು ಪಟ್ಟು ಕಮ್ಮಿ. ಆದರೆ ಮಾತ್ರೆ ಒಬ್ಬರ ದೇಹದಿಂದ ಹೊರಟು ಚರಂಡಿ, ಘಟಕ, ಹೊಲ, ತಟ್ಟೆ ಎಲ್ಲಾ ದಾಟಿ ಇನ್ನೊಬ್ಬರ ದೇಹ ಸೇರಬಲ್ಲದು ಅನ್ನುವುದು ಇದರಿಂದ ಖಚಿತವಾಯಿತು.

ಹಳ್ಳಿಗೆ ತನ್ನದೇ ಕೊಳಚೆಯೂ ಇದೆ. ಅಲ್ಲಿ ಪೈಪಿಲ್ಲ, ಘಟಕವಿಲ್ಲ, ಹೊರಬಾಗಿಲೂ ಇಲ್ಲ, ಬಾಟಲಿ ಹಿಡಿದು ಸ್ಯಾಂಪಲ್ ತೆಗೆಯುವುದಾದರೂ ಎಲ್ಲಿ? ಮನೆ ಮನೆಗೂ ಒಂದು ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್. ಟ್ಯಾಂಕಿನ ಒಳಗೆ ಗಾಳಿಯಾಡುವುದಿಲ್ಲ. ಗಾಳಿ ಊದುವ ಘಟಕದಲ್ಲಿ ಸಲೀಸಾಗಿ ಒಡೆಯುವ ಐಬುಪ್ರೊಫೆನ್ ಥರದ ಸಾಮಾನ್ಯ ನೋವಿನ ಮಾತ್ರೆ ಕೂಡ ಇಲ್ಲಿ ಹೆಚ್ಚು ಒಡೆಯುವುದಿಲ್ಲ. ನಿಜವಾದ ಶುದ್ಧೀಕರಣ ನಡೆಯುವುದು ಟ್ಯಾಂಕಿನಿಂದ ಹೊರಬಂದ ನೀರು ಇಂಗುವ ಮಣ್ಣಿನಲ್ಲಿ. ಆ ಮಣ್ಣು ಒಣಗಿದ್ದು, ಗಾಳಿಯಾಡುವಂತಿದ್ದು, ಕೆಳಗೆ ಅಂತರ್ಜಲ ಸಾಕಷ್ಟು ಆಳದಲ್ಲಿದ್ದರೆ ಅದು ಮಾಡುವ ಕೆಲಸ ಕಮ್ಮಿಯೇನಲ್ಲ, ಕೆಲವು ವಸ್ತುಗಳ ವಿಷಯದಲ್ಲಿ ನಗರದ ಘಟಕಕ್ಕೇ ಸವಾಲು ಹಾಕುತ್ತದೆ. ಅಂತರ್ಜಲ ಮೇಲೆಯೇ ಇದ್ದರೆ, ಅಥವಾ ಕೆಳಗೆ ಬಿರುಕುಬಿಟ್ಟ ಬಂಡೆ ಇದ್ದರೆ, ಕಥೆ ಮುಗಿಯಿತು. ನೇರ ಬಾವಿಗೆ.

ಬಾವಿಗೆ ಗುಂಡಿಯ ನೀರು ಸೇರಿದೆಯಾ ಅಂತ ಕಂಡುಹಿಡಿಯಲು ವಿಜ್ಞಾನಿಗಳು ಒಂದು ಚಂದದ ಉಪಾಯ ಮಾಡುತ್ತಾರೆ. ಕೃತಕ ಸಿಹಿಯನ್ನು ಹುಡುಕುತ್ತಾರೆ! ಸುಕ್ರಲೋಸ್ ದೇಹದಲ್ಲಿ ಬಹುಪಾಲು ಹಾಗೇ ದಾಟಿಹೋಗುತ್ತದೆ, ಬ್ಯಾಕ್ಟೀರಿಯಾಗಳಿಗೂ ಅದು ರುಚಿಸುವುದಿಲ್ಲ, ಪ್ರಕೃತಿಯಲ್ಲಿ ಅದು ತಾನಾಗಿ ಎಲ್ಲೂ ಇಲ್ಲ. ಬಾವಿ ನೀರಿನಲ್ಲಿ ಸಿಕ್ಕಿತು ಅಂದ್ರೆ ಮನುಷ್ಯರ ಕೊಳಚೆ ಬೆರೆತಿದೆ ಅಂತಲೇ ಅರ್ಥ. ನೈಟ್ರೇಟ್ ನೋಡಿ ಹೀಗೆ ಖಂಡಿತವಾಗಿ ಹೇಳಲಾಗದು, ಅದು ಗೊಬ್ಬರದಿಂದಲೂ ಬಂದಿರಬಹುದು. ಅಸೆಸಲ್ಫೇಮ್ ಅನ್ನುವ ಇನ್ನೊಂದು ಸಿಹಿಯನ್ನೂ ಹೀಗೇ ಬಳಸುತ್ತಿದ್ದರು, ಅದು ಒಡೆಯುವುದೇ ಇಲ್ಲ ಅಂತ ನಂಬಿದ್ದರು. ಕಳೆದ ದಶಕದಲ್ಲಿ ನೋಡಿದರೆ ಎಷ್ಟೋ ಘಟಕಗಳ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುವುದನ್ನು ಕಲಿತುಬಿಟ್ಟಿದ್ದವು. ಬ್ಯಾಕ್ಟೀರಿಯಾ ಕಲಿಯುತ್ತದೆ. ಇಲ್ಲಿ ಅದು ನಮಗೆ ಲಾಭ.

ಆಂಟಿಬಯೋಟಿಕ್ ವಿಷಯದಲ್ಲಿ ಅದೇ ಕಲಿಕೆ ನಮಗೆ ಉರುಳು. ಬೇರೆಲ್ಲಾ ಮಾಲಿನ್ಯ ಕೆಳಗೆ ಹರಿದಂತೆ ತೆಳುವಾಗುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಹರಿದಂತೆ ಹೆಚ್ಚಾಗಬಹುದು, ತನ್ನ ಆ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸಬಹುದು. ಜಗತ್ತಿನಲ್ಲಿ ಮಾರಾಟವಾಗುವ ಆಂಟಿಬಯೋಟಿಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ದನ, ಹಂದಿ, ಕೋಳಿ, ಮೀನು ಸಾಕಣೆಗೆ ಅಂತ ಅಂದಾಜಿದೆ. ಪ್ರಾಣಿಗೆ ಕೊಟ್ಟದ್ದರಲ್ಲಿ ದೊಡ್ಡ ಪಾಲು ಸಗಣಿ, ಗಂಜಲದಲ್ಲಿ ಹೊರಬಂದು ಗೊಬ್ಬರವಾಗಿ ಹೊಲ ಸೇರುತ್ತದೆ. ಟೆಟ್ರಾಸೈಕ್ಲಿನ್ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ, ಸಲ್ಫಾ ಔಷಧಗಳು ನೀರಿನ ಜೊತೆ ಕೆಳಗಿಳಿಯುತ್ತವೆ. ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಂಡಿಗೆ ಯಾವ ಹೊರಹರಿವಿನ ಮಿತಿಯೂ ಇಲ್ಲ, ತಿಂಗಳ ವರದಿಯೂ ಇಲ್ಲ.

ಔಷಧ ತಯಾರಿಸುವ ಕಡೆಯಂತೂ ಪ್ರಮಾಣ ಊಹೆಗೂ ಮೀರಿದ್ದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಂಪನಿಗಳ ತ್ಯಾಜ್ಯ ನೀರು ಬರುತ್ತಿದ್ದ ಒಂದು ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಹೋಗುವ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ನ್ಯಾನೋಗ್ರಾಂ ಅಲ್ಲ, ಮಿಲಿಗ್ರಾಂ. ಕೆಲವು ಬ್ಯಾಕ್ಟೀರಿಯಾಗಳಿಗೆ ವಿಷವಾಗುವ ಮಟ್ಟಕ್ಕಿಂತ ಸಾವಿರ ಪಟ್ಟು ಜಾಸ್ತಿ. ಆಂಟಿಬಯೋಟಿಕ್ ತಯಾರಿಕೆಯ ತ್ಯಾಜ್ಯ ನೀರಿಗೆ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಹೊರಡಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಹದಿನೇಳು ವರ್ಷ ಬೇಕಾಯಿತು, ಅದೂ ಮಾರ್ಗಸೂಚಿಯೇ ಹೊರತು ಕಾನೂನಲ್ಲ. ನಡುವೆ, ಔಷಧಕ್ಕೆ ಬಗ್ಗದ ಸೋಂಕುಗಳಿಂದಲೇ ನೇರವಾಗಿ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರು ಅನ್ನುವ ಲೆಕ್ಕ ಬಂತು. ಅಷ್ಟಕ್ಕೂ ಕೊಳಚೆ ನೀರೇ ಕಾರಣ ಅಂತಲ್ಲ, ಆದರೆ ಕಾರಣಗಳ ಪಟ್ಟಿಯಿಂದ ಅದನ್ನು ಬಿಡುವ ಹಾಗೂ ಇಲ್ಲ.

ಹಾಗಾದರೆ ಏನು ಮಾಡುವುದು? ತಂತ್ರಜ್ಞಾನ ಇಲ್ಲ ಅಂತಲ್ಲ. ಸ್ವಿಟ್ಜರ್ಲೆಂಡ್ 2016ರಲ್ಲಿ ಕಾನೂನು ಜಾರಿಗೆ ತಂದು, ಆಯ್ದ ನೂರಕ್ಕೂ ಹೆಚ್ಚು ಘಟಕಗಳಿಗೆ 2040ರೊಳಗೆ ಇನ್ನೊಂದು ಹಂತ ಸೇರಿಸುವ ಕೆಲಸ ಶುರು ಮಾಡಿತು. ಓಝೋನ್ ಹಾಯಿಸಬೇಕು, ಇಲ್ಲವೇ ಸಕ್ರಿಯ ಇದ್ದಿಲಿನ ಮೂಲಕ ನೀರು ಹರಿಸಬೇಕು. ಗುರುತು ಮಾಡಿದ 12 ವಸ್ತುಗಳನ್ನು ನೋಡಿ 80 ಪರ್ಸೆಂಟ್ ಕಮ್ಮಿಯಾಗಿದೆಯಾ ಅಂತ ಪರೀಕ್ಷಿಸುತ್ತಾರೆ. ಪಟ್ಟಿಯಲ್ಲಿ ನಮ್ಮ ಕಾರ್ಬಮಜೆಪಿನ್ ಕೂಡ ಇದೆ. ಬ್ಯಾಕ್ಟೀರಿಯಾಗಳು ಮೂಸಿಯೂ ನೋಡದ ಈ ಔಷಧ ಓಝೋನ್ ಮುಂದೆ ಕ್ಷಣದಲ್ಲಿ ಮುರಿದುಬೀಳುತ್ತದೆ, ಅದರ ರಚನೆಯಲ್ಲಿರುವ ಒಂದು ಜೋಡಿ ಬಂಧ ಓಝೋನ್‌ಗೆ ಸುಲಭದ ಗುರಿ. ಆದರೆ ಪಿಎಫ್‌ಎಎಸ್ ಮೇಲೆ ಓಝೋನ್ ಆಟ ನಡೆಯುವುದಿಲ್ಲ. ಸ್ಕ್ಯಾನಿಂಗ್‌ಗೆ ಮೊದಲು ಚುಚ್ಚುವ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವದ ಮೇಲೂ ಅಷ್ಟಕ್ಕಷ್ಟೇ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಝೋನ್ ಅದನ್ನು ಬ್ರೋಮೇಟ್ ಮಾಡಿ ಹೊಸ ತಲೆನೋವು ತರುತ್ತದೆ. ಇದ್ದಿಲು ಬಹಳಷ್ಟನ್ನು ಹಿಡಿಯುತ್ತದೆ, ಆದರೆ ಸಣ್ಣ ಸರಪಳಿಯ ಪಿಎಫ್‌ಎಎಸ್ ಅದರ ಕೈಯಿಂದಲೂ ಜಾರುತ್ತದೆ, ತುಂಬಿದ ಇದ್ದಿಲನ್ನು ಸುಡಬೇಕು ಅಥವಾ ಮತ್ತೆ ಕಾಯಿಸಬೇಕು. ಆರ್‌ಒ ಹಾಕಿದರೆ ನೀರು ಬಲು ಚೊಕ್ಕ, ಆದರೆ ತೆಗೆದದ್ದೆಲ್ಲಾ ಗಟ್ಟಿಯಾಗಿ ಪಕ್ಕದ ಪೈಪಿನಲ್ಲಿ ನಿಂತಿರುತ್ತದೆ. ಮತ್ತೆ ಅದೇ ಪ್ರಶ್ನೆ, ಅದನ್ನು ಎಲ್ಲಿಗೆ ಬಿಡುತ್ತೀರಿ?

ನನ್ನ ಮಟ್ಟಿಗೆ ಇಲ್ಲಿ ಎರಡು ಗುಂಪು ಮಾಡಿಕೊಳ್ಳಬೇಕು. ಕೆಲವನ್ನು ಬಿಟ್ಟು ಬದುಕಬಹುದು, ಕೆಲವನ್ನು ಬಿಡಲಾಗದು. ಮುಖ ತೊಳೆಯುವ ಕ್ರೀಮಿನಲ್ಲಿ ಪ್ಲಾಸ್ಟಿಕ್ ಮಣಿ ಯಾಕೆ ಬೇಕಿತ್ತು? ಅಮೆರಿಕ 2015ರಲ್ಲಿ ಕಾನೂನು ಮಾಡಿ ತೆಗೆಸಿತು, ಯಾರ ಮುಖವೂ ಕೊಳೆಯಾಗಿ ಉಳಿಯಲಿಲ್ಲ. ಟ್ರೈಕ್ಲೋಸಾನ್ ಹಾಕಿದ ಕೈ ಸೋಪು ಮಾಮೂಲಿ ಸೋಪು ನೀರಿಗಿಂತ ಮೇಲು ಅಂತ ಕಂಪನಿಗಳು ಸಾಬೀತು ಮಾಡಲಿಲ್ಲ ಅನ್ನುವ ಕಾರಣಕ್ಕೇ 2016ರಲ್ಲಿ ಅಲ್ಲಿನ ಔಷಧ ಪ್ರಾಧಿಕಾರ ಅದನ್ನು ಹೊರಗಿಟ್ಟಿತು. ಸುಲಭಕ್ಕೆ ಅಳಿಯದ ವಿಷಗಳಿಗೆ ಕಡಿವಾಣ ಹಾಕುವ ಸ್ಟಾಕ್‌ಹೋಮ್ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸೇರಿದವು. ಇಂಥವನ್ನು ಕೊಳಚೆ ಘಟಕದಲ್ಲಿ ಹಿಡಿಯಲು ಹೋಗುವುದು ದುಡ್ಡು ದಂಡ, ಕಾರ್ಖಾನೆಯಲ್ಲೇ ನಿಲ್ಲಿಸಬೇಕು. ಮೂರ್ಛೆರೋಗದ ಮಾತ್ರೆಯನ್ನು ನಿಲ್ಲಿಸಿ ಅಂತ ಯಾರಿಗೂ ಹೇಳಲಾಗದು. ಓಝೋನು, ಇದ್ದಿಲು ಇರಬೇಕಾದದ್ದು ಇಂಥವಕ್ಕೆ.

ಬಿಡಲಾಗದ ಔಷಧಕ್ಕೂ ಮೂಲದ ಹತ್ತಿರ ಹಿಡಿಯುವ ದಾರಿ ಒಂದಿದೆ, ಮೂತ್ರ. ಮನೆಯ ಒಟ್ಟು ಕೊಳಚೆ ನೀರಿನಲ್ಲಿ ಮೂತ್ರದ ಪಾಲು ನೂರಕ್ಕೆ ಒಂದರಷ್ಟು. ಆದರೆ ದೇಹದಿಂದ ಹೊರಬೀಳುವ ಔಷಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು, ಸಾರಜನಕದ ಬಹುಪಾಲು ಅದರಲ್ಲೇ ಇರುತ್ತದೆ. ಅದನ್ನು ಬೇರೆ ಹಿಡಿದರೆ ನೂರು ಲೀಟರ್ ಬದಲು ಒಂದು ಲೀಟರ್ ಶುದ್ಧ ಮಾಡಿದರಾಯಿತು. ಸ್ವಿಟ್ಜರ್ಲೆಂಡಿನ ಜಲ ಸಂಶೋಧನಾ ಸಂಸ್ಥೆ ಎವಾಗ್ ಇದೇ ದಾರಿಯಲ್ಲಿ ಮೂತ್ರವನ್ನು ಹದಗೊಳಿಸಿ, ಇದ್ದಿಲಿನಿಂದ ಔಷಧ ತೆಗೆದು, ಗೊಬ್ಬರ ಮಾಡುವ ವಿಧಾನ ರೂಪಿಸಿತು, ಅಲ್ಲಿನ ಸರ್ಕಾರ ಆ ಗೊಬ್ಬರಕ್ಕೆ 2018ರಲ್ಲಿ ಪೂರ್ತಿ ಒಪ್ಪಿಗೆ ಕೊಟ್ಟಿತು. ಜರ್ಮನಿಯಲ್ಲಿ, ಸ್ಕ್ಯಾನಿಂಗ್ ಮಾಡಿಸಿಕೊಂಡವರಿಗೆ ಮೂತ್ರ ಹಿಡಿಯುವ ಚೀಲಗಳನ್ನು ಕೊಟ್ಟು ನೋಡಿದ ಪ್ರಯೋಗಗಳೂ ನಡೆದಿವೆ, ಕಾಂಟ್ರಾಸ್ಟ್ ದ್ರವ ಬಹುಪಾಲು ಒಂದು ದಿನದೊಳಗೆ ಹೊರಬಂದುಬಿಡುತ್ತದಲ್ಲ.

ಇಷ್ಟಕ್ಕೆಲ್ಲಾ ದುಡ್ಡು ಯಾರು ಕೊಡಬೇಕು? ಸದ್ಯದ ನಿಜವಾದ ಜಗಳ ಇದೇ. 2025ರ ಜನವರಿ 1ರಿಂದ ಜಾರಿಗೆ ಬಂದ ಯುರೋಪ್ ಒಕ್ಕೂಟದ ಹೊಸ ನಗರ ತ್ಯಾಜ್ಯನೀರು ನಿರ್ದೇಶನದ ಪ್ರಕಾರ, ಒಂದೂವರೆ ಲಕ್ಷ ಜನರಷ್ಟು ಕೊಳಚೆ ಹೊರೆ ಇರುವ ದೊಡ್ಡ ಘಟಕಗಳು 2045ರೊಳಗೆ ಹಂತಹಂತವಾಗಿ ಓಝೋನ್, ಇದ್ದಿಲಿನಂಥ ಈ ನಾಲ್ಕನೇ ಮಟ್ಟದ ಶುದ್ಧೀಕರಣ ಹಾಕಬೇಕು. ಅದರ ಖರ್ಚಿನಲ್ಲಿ ಕನಿಷ್ಠ 80 ಪರ್ಸೆಂಟನ್ನು ಔಷಧ ಮತ್ತು ಸೌಂದರ್ಯವರ್ಧಕ ಕಂಪನಿಗಳು ಕೊಡಬೇಕು. ಔಷಧ ಕಂಪನಿಗಳು 2025ರಲ್ಲಿ ಕೋರ್ಟಿಗೆ ಹೋದವು. ನಮ್ಮ ಮೇಲೆ ಮಾತ್ರ ಯಾಕೆ, ಬೇರೆ ಉದ್ಯಮಗಳು ಮಾಲಿನ್ಯ ಮಾಡುವುದಿಲ್ಲವಾ ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ, ಟೈರಿನವರು, ಬಟ್ಟೆಯವರು, ಕೀಟನಾಶಕದವರು ಆಚೆ ಕೂತಿದ್ದಾರೆ ನಿಜ. ಆದರೆ ಅದಕ್ಕೆ ಪರಿಹಾರ ಅವರನ್ನೂ ಪಟ್ಟಿಗೆ ಸೇರಿಸುವುದು. ಇವರನ್ನು ಬಿಟ್ಟುಬಿಡುವುದಲ್ಲ.

ಮೊದಲು ಕೊಳಚೆಯನ್ನೇ ಶುದ್ಧ ಮಾಡದ ಕಡೆ ಇದೆಲ್ಲಾ ಶೋಕಿ ಅಲ್ವಾ ಅಂತ ಇನ್ನೊಂದು ಮಾತು ಬರುತ್ತದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ಮನೆಗಳ ಕೊಳಚೆ ನೀರಿನಲ್ಲಿ ಸುರಕ್ಷಿತವಾಗಿ ಶುದ್ಧವಾದದ್ದು 58 ಪರ್ಸೆಂಟ್ ಮಾತ್ರ. ಅದೇ 2022ರಲ್ಲಿ ಪ್ರಕಟವಾದ, 104 ದೇಶಗಳ 258 ನದಿಗಳ ಅಧ್ಯಯನದಲ್ಲಿ ಅತಿ ಹೆಚ್ಚು ಕಡೆ ಸಿಕ್ಕಿದ್ದು ಕಾರ್ಬಮಜೆಪಿನ್, ಮೆಟ್‌ಫಾರ್ಮಿನ್ ಮತ್ತು ಕೆಫೀನ್. ಕೆಫೀನ್ ಬ್ಯಾಕ್ಟೀರಿಯಾಗಳು ಸುಲಭವಾಗಿ ಒಡೆಯುವ ವಸ್ತು, ಒಂದು ಸಾಧಾರಣ ಘಟಕ ಕೂಡ ಅದನ್ನು ನುಂಗಿಹಾಕುತ್ತದೆ. ಅದು ನದಿಯಲ್ಲಿ ಜಾಸ್ತಿ ಸಿಗುತ್ತಿದೆ ಅಂದ್ರೆ ಕೊಳಚೆ ಹಸಿಹಸಿಯಾಗಿ ಸೇರುತ್ತಿದೆ ಅಂತಲೇ. ಆದ್ದರಿಂದ ಮಾಮೂಲಿ ಘಟಕವನ್ನೇ ನೆಟ್ಟಗೆ ನಡೆಸುವುದು ಸಣ್ಣ ಕೆಲಸ ಅಲ್ಲ. ಗಾಳಿ ಸರಿಯಾಗಿ ಊದಿ, ಕೆಸರನ್ನು ಟ್ಯಾಂಕಿನಲ್ಲಿ ಹೆಚ್ಚು ದಿನ ಉಳಿಸಿಕೊಂಡರೆ ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೂ ಜಾಗ ಸಿಗುತ್ತದೆ, ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಸಹಜ ಹಾರ್ಮೋನುಗಳು ಬಹುಪಾಲು ಅಲ್ಲೇ ಮುಗಿಯುತ್ತವೆ. ಕರೆಂಟು ಉಳಿಸಲು ಬ್ಲೋವರ್ ಆರಿಸಿಟ್ಟ ಘಟಕಕ್ಕೆ ಓಝೋನ್ ಜೋಡಿಸಿ ಏನೂ ಪ್ರಯೋಜನವಿಲ್ಲ.

ಯುರೋಪಿನ ಆ ನಿರ್ದೇಶನ ಕೂಡ ಅಪಾಯ ಇರುವ ಕಡೆ ಹತ್ತು ಸಾವಿರ ಜನರ ಹೊರೆಯ ಘಟಕದವರೆಗೆ ಇಳಿದು ಅಲ್ಲಿಗೆ ನಿಲ್ಲುತ್ತದೆ. ಅದಕ್ಕಿಂತ ಚಿಕ್ಕ ಊರಿಗೆ ನಾಲ್ಕನೇ ಮಟ್ಟ ಇಲ್ಲ. ಸೆಪ್ಟಿಕ್ ಟ್ಯಾಂಕಿಗೆ, ಗೊಬ್ಬರದ ಗುಂಡಿಗೆ ಓಝೋನ್ ಯಂತ್ರ ಬರುವುದೂ ಇಲ್ಲ, ಬಂದರೂ ನಡೆಸುವವರು ಯಾರು? ಅಲ್ಲಿ ಕೆಲಸಕ್ಕೆ ಬರುವುದು ಸಾದಾ ಉಪಾಯಗಳೇ. ಬಾವಿಗೂ ಗುಂಡಿಗೂ ನಡುವೆ ದೂರ ಇರಬೇಕು. ಇಂಗುವ ಜಾಗದ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣ ಮಣ್ಣು ಉಳಿದಿರಬೇಕು. ಟ್ಯಾಂಕನ್ನು ಕಾಲಕಾಲಕ್ಕೆ ಖಾಲಿ ಮಾಡಿಸಬೇಕು, ತೆಗೆದದ್ದನ್ನು ಗಾಡಿಯವರು ಪಕ್ಕದ ಹಳ್ಳಕ್ಕೆ ಸುರಿಯಬಾರದು. ಸಗಣಿ ಗೊಬ್ಬರವನ್ನು ಹಸಿಯಾಗಿ ಹರಡದೆ ಚೆನ್ನಾಗಿ ಕಾವು ಏರುವಂತೆ ಕೊಳೆಸಿದರೆ ಟೆಟ್ರಾಸೈಕ್ಲಿನ್ ಥರದ ಕೆಲವು ಆಂಟಿಬಯೋಟಿಕ್‌ಗಳು ಗಣನೀಯವಾಗಿ ಇಳಿಯುತ್ತವೆ, ಎಲ್ಲವೂ ಅಲ್ಲ. ರೋಗವಿಲ್ಲದ ಪ್ರಾಣಿಗೆ ಬೇಗ ಬೆಳೆಯಲಿ ಅಂತ ಆಂಟಿಬಯೋಟಿಕ್ ತಿನ್ನಿಸುವುದನ್ನು ಯುರೋಪ್ ಒಕ್ಕೂಟ 2006ರಲ್ಲೇ ನಿಲ್ಲಿಸಿತು. ಇದಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ, ಗೊಬ್ಬರದ ಗುಂಡಿಯಲ್ಲಿ ಅಳೆಯುವ ಕೆಲಸವೂ ಅಷ್ಟು ಕಮ್ಮಿಯಾಯಿತು.